ತಾಪಮಾನದ ಲೆಕ್ಕಕ್ಕೆ ಸಿಗದೆ ಸವೆಯುತ್ತಿರುವ ಚಿಪ್ಪು

ಭೂಮಿಯ ಸಮತೋಲನವನ್ನು ಕಾಯುವ ಒಂಬತ್ತು ಎಲ್ಲೆಗಳ ಪೈಕಿ ಏಳನ್ನು ಮನುಷ್ಯ ದಾಟಿಯಾಗಿದೆ ಎಂದು ಜರ್ಮನಿಯ ಪಾಟ್ಸ್‌ಡ್ಯಾಮ್ ಹವಾಮಾನ ಪರಿಣಾಮ ಸಂಶೋಧನಾ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಪಟ್ಟಿಗೆ ಹೊಸದಾಗಿ ಸೇರ್ಪಡೆಯಾದದ್ದು ಸಮುದ್ರದ ಆಮ್ಲೀಕರಣ. ಬಿಸಿಗಾಳಿ, ಪ್ರವಾಹ, ಕರಗುವ ಹಿಮನದಿಗಳಂತೆ ಇದಕ್ಕೆ ಕಣ್ಣಿಗೆ ಕಾಣುವ ರೂಪವಿಲ್ಲ. ಬಹುಶಃ ಆ ಕಾರಣದಿಂದಲೇ ಹವಾಮಾನ ಶೃಂಗಸಭೆಗಳಲ್ಲಿ ಇದು ಸದಾ ಹಿಂದಿನ ಬೆಂಚಿನ ವಿಷಯ. ಆದರೆ ಧ್ರುವಪ್ರದೇಶಗಳ ತಣ್ಣನೆಯ ನೀರಿನಲ್ಲಿ ತೇಲಾಡುವ, ಹೆಸರುಕಾಳಿನಷ್ಟು ಗಾತ್ರದ ಒಂದು ಬಸವನಹುಳುವಿನ ಮೈಮೇಲೆ ಇದರ ಗುರುತು ಬಹಳ ಹಿಂದೆಯೇ ಮೂಡಿದೆ.

ವಿಜ್ಞಾನಿಗಳು ಟೆರೊಪಾಡ್ ಎನ್ನುವ ಈ ಜೀವಿಗೆ ಕಡಲ ಚಿಟ್ಟೆ ಎಂಬ ಹೆಸರೂ ಉಂಟು. ನೆಲದ ಬಸವನಹುಳು ತೆವಳಲು ಬಳಸುವ ಪಾದವೇ ಇಲ್ಲಿ ಎರಡು ರೆಕ್ಕೆಗಳಾಗಿ ಮಾರ್ಪಟ್ಟಿದೆ. ಅವನ್ನು ಬಡಿಯುತ್ತ ಅದು ನೀರಿನಲ್ಲಿ ಹಾರುತ್ತದೆ ಎಂದರೂ ತಪ್ಪಾಗದು. ಲೋಳೆಯ ಬಲೆ ಹರಡಿ ಸೂಕ್ಷ್ಮ ಸಸ್ಯಗಳನ್ನು ಹಿಡಿದು ತಿನ್ನುವ ಇದನ್ನು ಹೆರಿಂಗ್ ಮೀನು, ಸಾಲ್ಮನ್ ಮರಿಗಳು, ಕಡಲಹಕ್ಕಿಗಳು, ತಿಮಿಂಗಿಲಗಳು ತಿನ್ನುತ್ತವೆ. ಕಡಲ ದೇವತೆ ಎಂಬ ಸುಂದರ ಹೆಸರಿನ, ಚಿಪ್ಪಿಲ್ಲದ ಇನ್ನೊಂದು ಜೀವಿಗಂತೂ ಬಹುಪಾಲು ಇದೇ ಆಹಾರ. ಗಾತ್ರ ಕಿರಿದಾದರೂ ಆಹಾರ ಸರಪಳಿಯಲ್ಲಿ ಇದರ ಸ್ಥಾನ ಕಿರಿದಲ್ಲ.

ಸಮಸ್ಯೆ ಇರುವುದು ಚಿಪ್ಪಿನಲ್ಲಿ. ಅದು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದಾದದ್ದು, ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವವರಿಗೆ ಪರಿಚಿತವಾದ ವಸ್ತುವೇ. ಆದರೆ ಕಡಲ ಚಿಟ್ಟೆ ಕಟ್ಟಿಕೊಳ್ಳುವುದು ಅದರ ಅರಗೊನೈಟ್ ಎಂಬ ರೂಪವನ್ನು. ಕ್ಯಾಲ್ಸೈಟ್ ಎಂಬ ಇನ್ನೊಂದು ರೂಪಕ್ಕಿಂತ ಇದು ಸುಲಭವಾಗಿ ಕರಗುತ್ತದೆ. ಮನುಷ್ಯ ಪ್ರತಿವರ್ಷ ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲುಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ಈ ಅನಿಲ ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಅದರಿಂದ ಬಿಡುಗಡೆಯಾಗುವ ಹೈಡ್ರೊಜನ್ ಅಯಾನುಗಳು ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಅಯಾನುಗಳನ್ನು ಕಬಳಿಸುತ್ತವೆ. ಇಟ್ಟಿಗೆಯ ಕೊರತೆ ಒಂದು ಮಿತಿ ದಾಟಿದರೆ ಕಟ್ಟಿದ ಗೋಡೆಯೇ ಕರಗತೊಡಗುತ್ತದೆ.

ಆಮ್ಲೀಕರಣ ಎಂಬ ಮಾತು ಸ್ವಲ್ಪ ದಾರಿ ತಪ್ಪಿಸುವಂಥದ್ದು. ಕಡಲು ಆಮ್ಲವಾಗಿಲ್ಲ, ಅದರ ಕ್ಷಾರಗುಣ ಕುಗ್ಗುತ್ತಿದೆ. ಕೈಗಾರಿಕಾ ಯುಗಕ್ಕೆ ಮೊದಲು ಸುಮಾರು 8.2 ಇದ್ದ ಮೇಲ್ಮೈ ನೀರಿನ ಪಿಎಚ್ ಈಗ 8.1ರ ಆಸುಪಾಸಿನಲ್ಲಿದೆ. ನೋಡಲು ಕ್ಷುಲ್ಲಕವೆನಿಸುವ ಈ ಇಳಿಕೆಯ ಅರ್ಥ ಹೈಡ್ರೊಜನ್ ಅಯಾನುಗಳು ಶೇ. 30ರಷ್ಟು ಹೆಚ್ಚಿವೆ ಎಂದು. ತಣ್ಣೀರಿನಲ್ಲಿ ಅನಿಲ ಹೆಚ್ಚು ಕರಗುತ್ತದೆ, ಕಾರ್ಬೊನೇಟ್ ಸಹಜವಾಗಿಯೇ ಕಡಿಮೆ. ಹಾಗಾಗಿ ಉಷ್ಣವಲಯದ ಹವಳಗಳಿಗಿಂತ ಮೊದಲು ಧ್ರುವದ ಕಡಲುಗಳು ಅಪಾಯದ ಗೆರೆಯನ್ನು ಮುಟ್ಟುತ್ತವೆ.

ಈ ಎಚ್ಚರಿಕೆ ಮೊದಲು ಗಟ್ಟಿಯಾಗಿ ಕೇಳಿಬಂದದ್ದು 2005ರಲ್ಲಿ. ಜೇಮ್ಸ್ ಆರ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು, ಹೊಗೆಯುಗುಳುವಿಕೆ ಹೀಗೇ ಮುಂದುವರಿದರೆ 2050ರ ವೇಳೆಗೆ ದಕ್ಷಿಣ ಮಹಾಸಾಗರದ ಮೇಲ್ಮೈ ನೀರೇ ಅರಗೊನೈಟನ್ನು ಕರಗಿಸುವಂತಾಗುತ್ತದೆ ಎಂದಿತು. ಅಂಥ ನೀರಿನಲ್ಲಿಟ್ಟ ಜೀವಂತ ಕಡಲ ಚಿಟ್ಟೆಗಳ ಚಿಪ್ಪು ಎರಡೇ ದಿನಗಳಲ್ಲಿ ಸವೆಯತೊಡಗಿತ್ತು. ಪ್ರಯೋಗಾಲಯದ ಮಾತು ಬೇರೆ, ಕಡಲಿನ ಮಾತು ಬೇರೆ ಎಂದು ತಳ್ಳಿಹಾಕಲು ಆಗ ಅವಕಾಶವಿತ್ತು. ಆದರೆ 2008ರಲ್ಲಿ ಅಂಟಾರ್ಕ್ಟಿಕಾ ಸಮೀಪದ ಸ್ಕೋಷಿಯಾ ಸಮುದ್ರದಿಂದ ತಂದ ಜೀವಿಗಳನ್ನು ನಿನಾ ಬೆಡ್ನಾರ್ಶೆಕ್ ತಂಡ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ, ಆಳದ ನೀರು ಮೇಲೇರುವ ಒಂದು ತಾಣದಲ್ಲಿ ಬದುಕಿದ್ದ ಹುಳುಗಳ ಚಿಪ್ಪೇ ತೀವ್ರವಾಗಿ ಸವೆದಿತ್ತು. ಫಲಿತಾಂಶ ಪ್ರಕಟವಾದದ್ದು 2012ರಲ್ಲಿ. ಶತಮಾನದ ಮಧ್ಯಭಾಗಕ್ಕೆಂದು ಕಾಯ್ದಿರಿಸಿದ್ದ ದೃಶ್ಯ ನಾಲ್ಕು ದಶಕ ಮೊದಲೇ ಕಾಣಿಸಿಕೊಂಡಿತ್ತು.

ಅಮೆರಿಕದ ಪಶ್ಚಿಮ ತೀರದ ಕಥೆ ಇನ್ನಷ್ಟು ಗಂಭೀರ. ವಾಷಿಂಗ್ಟನ್‌ನಿಂದ ಕ್ಯಾಲಿಫೋರ್ನಿಯಾದವರೆಗೆ 2011ರಲ್ಲಿ ನಡೆದ ಸಮೀಕ್ಷೆಯಲ್ಲಿ ದಡಕ್ಕೆ ಹತ್ತಿರದ ಕಡಲ ಚಿಟ್ಟೆಗಳಲ್ಲಿ ಸರಾಸರಿ ಶೇ. 53ರಷ್ಟು, ದೂರದವುಗಳಲ್ಲಿ ಶೇ. 24ರಷ್ಟು ತೀವ್ರ ಸವೆತಕ್ಕೆ ಒಳಗಾಗಿದ್ದವು. ಇಲ್ಲಿ ಬೇಸಗೆಯಲ್ಲಿ ಗಾಳಿ ಬೀಸಿದಾಗ ಆಳದ ತಣ್ಣೀರು ಮೇಲೇಳುತ್ತದೆ. ಅದು ಕೊನೆಯ ಬಾರಿ ವಾತಾವರಣವನ್ನು ಸ್ಪರ್ಶಿಸಿದ್ದು ಸುಮಾರು 50 ವರ್ಷಗಳ ಹಿಂದೆ. ಅಂದರೆ ಇಂದು ಚಿಪ್ಪು ಕರಗಿಸುತ್ತಿರುವುದು ಇಂದಿನ ಹೊಗೆಯಲ್ಲ, ಅಜ್ಜಂದಿರ ಕಾಲದ್ದು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ ಹತ್ತು ಲಕ್ಷಕ್ಕೆ ಸುಮಾರು 315 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಈ ಗಾಳಿಯನ್ನು ಹೀರಿದ ನೀರು ಮೇಲೇರುವ ಸರದಿ ಇನ್ನೂ ಬಂದಿಲ್ಲ.

ಅದೇ ತೀರದಲ್ಲಿ ಈ ರಸಾಯನಶಾಸ್ತ್ರ ವ್ಯಾಪಾರದ ಲೆಕ್ಕಪುಸ್ತಕವನ್ನೂ ಪ್ರವೇಶಿಸಿತು. ಆರೆಗಾನ್‌ನ ವಿಸ್ಕಿ ಕ್ರೀಕ್ ಸಿಂಪಿ ಮರಿ ಕೇಂದ್ರದಲ್ಲಿ 2007ರಿಂದ ಮರಿಗಳು ರಾಶಿರಾಶಿಯಾಗಿ ಸತ್ತವು. ಮೊದಲು ಬ್ಯಾಕ್ಟೀರಿಯಾದ ಮೇಲೆ ಸಂಶಯ ಬಂತು. ಕೊನೆಗೆ ಕಾರಣ ನೀರೇ ಎಂದು ತಿಳಿಯಿತು: ಮೊಟ್ಟೆಯೊಡೆದ ಮರಿ ಮೊದಲ ಒಂದೆರಡು ದಿನಗಳಲ್ಲೇ ಅರಗೊನೈಟ್ ಚಿಪ್ಪು ಕಟ್ಟಿಕೊಳ್ಳಬೇಕು, ಆ ಶಕ್ತಿ ಅದಕ್ಕೆ ಸಾಲದು. ಕೇಂದ್ರದವರು ತೊಟ್ಟಿಗೆ ಸೋಡಾ ಬೆರೆಸಿ ಉದ್ಯಮ ಉಳಿಸಿಕೊಂಡರು.

ಹಾಗೆಂದು ಚಿತ್ರ ಏಕಮುಖವಲ್ಲ. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ವಿಕ್ಟೋರಿಯಾ ಪೆಕ್ ಮತ್ತಿತರರ ಪ್ರಕಾರ ಚಿಪ್ಪಿನ ಹೊರಮೈಯ ತೆಳುವಾದ ಜೈವಿಕ ಪದರ ಗಟ್ಟಿಯಾಗಿರುವವರೆಗೆ ನೀರು ಒಳಗನ್ನು ಕರಗಿಸಲಾರದು. ಪದರ ಹರಿದ ಕಡೆಯಲ್ಲೂ ಹುಳು ಒಳಗಿನಿಂದ ತೇಪೆ ಹಾಕಿಕೊಳ್ಳುತ್ತದೆ. ಬೆಡ್ನಾರ್ಶೆಕ್ ಮತ್ತು ಸಂಗಡಿಗರು ಇದನ್ನು ಪೂರ್ಣವಾಗಿ ಒಪ್ಪಿಲ್ಲ. ವಾದ ಆರೋಗ್ಯಕರವಾದದ್ದೇ. ಆದರೆ ತೇಪೆಗೂ ಆಹಾರ, ಶಕ್ತಿ ಬೇಕು. ಬೆಳವಣಿಗೆಗೆ, ಸಂತಾನಕ್ಕೆ ಸಲ್ಲಬೇಕಾದ ಶಕ್ತಿಯಿಂದಲೇ ಅದು ಬರಬೇಕು. ದುರಸ್ತಿಯ ಸಾಮರ್ಥ್ಯವಿದೆ ಎಂಬುದನ್ನು ಹಾನಿಯಿಲ್ಲ ಎಂದು ಓದಿಕೊಳ್ಳುವಂತಿಲ್ಲ. ಪ್ಲಿಮತ್ ಸಾಗರ ಪ್ರಯೋಗಾಲಯದ ಹೆಲೆನ್ ಫಿಂಡ್ಲೆ ನೇತೃತ್ವದ 2025ರ ಅಧ್ಯಯನವು ಧ್ರುವದ ಕಡಲ ಚಿಟ್ಟೆಗಳಿಗೆ ಯೋಗ್ಯವಾದ ಆವಾಸ ಶೇ. 61ರವರೆಗೆ ಕುಗ್ಗಿದೆ ಎಂದು ಅಂದಾಜಿಸಿದೆ.

ವಿಪರ್ಯಾಸವೆಂದರೆ ಜಗತ್ತಿನ ಹವಾಮಾನ ರಾಜಕೀಯ ಲೆಕ್ಕವಿಡುವುದು ಡಿಗ್ರಿಗಳಲ್ಲಿ. 2015ರ ಪ್ಯಾರಿಸ್ ಒಪ್ಪಂದದ ಗುರಿ ತಾಪಮಾನದ ಏರಿಕೆ. ಆಮ್ಲೀಕರಣ ಎಂಬ ಪದವೇ ಅದರಲ್ಲಿಲ್ಲ. ಅದೇ ವರ್ಷ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಇದಕ್ಕೊಂದು ಸಾಲು ಸಿಕ್ಕಿತು, ನಿರ್ದಿಷ್ಟ ಅಂಕಿಯಾಗಲೀ ಗಡುವಾಗಲೀ ಸಿಗಲಿಲ್ಲ. ಈ ಅಂತರ ಕೇವಲ ಕಾಗದದ್ದಲ್ಲ. ವಾತಾವರಣಕ್ಕೆ ಗಂಧಕದ ಕಣಗಳನ್ನು ಸಿಂಪಡಿಸಿ ಬಿಸಿಲನ್ನು ತಡೆಯುವ ಯೋಜನೆಗಳ ಬಗ್ಗೆ ಪಶ್ಚಿಮದಲ್ಲಿ ಚರ್ಚೆ ನಡೆಯುತ್ತಿದೆ. ಅದು ಫಲಿಸಿದರೆ ಉಷ್ಣಮಾಪಕ ತಣಿಯಬಹುದು. ಗಾಳಿಯ ಇಂಗಾಲ ಮಾತ್ರ ಹಾಗೆಯೇ ಕಡಲಿಗಿಳಿಯುತ್ತಿರುತ್ತದೆ. ಕ್ಷಾರ ಖನಿಜಗಳನ್ನು ಕಡಲಿಗೇ ಬೆರೆಸುವ ಪ್ರಯೋಗಗಳೂ ಆರಂಭವಾಗಿವೆ. ಆರೆಗಾನ್‌ನ ತೊಟ್ಟಿಯಲ್ಲಿ ಗೆದ್ದದ್ದು ಇದೇ ಉಪಾಯ. ಆದರೆ ಸಮುದ್ರ ವರ್ಷವೊಂದಕ್ಕೆ ಹೀರುತ್ತಿರುವ ಇಂಗಾಲದ ಡೈಆಕ್ಸೈಡ್ ಸುಮಾರು 1,000 ಕೋಟಿ ಟನ್.