ಮಳೆಗಾಲದ ಕಾಡುದಾರಿ ಮತ್ತು ನಮ್ಮ ಅತಿಥಿಗಳು

ನಮ್ಮ ಸದಸ್ಯರಲ್ಲಿ ಅನೇಕರು ಈಗ ಹೋಂಸ್ಟೇ ನಡೆಸುತ್ತಿದ್ದಾರೆ. ಕಾಫಿ, ಅಡಿಕೆಗಳ ಧಾರಣೆ ಏರಿಳಿಯುವ ಈ ಕಾಲದಲ್ಲಿ ಸಣ್ಣ ಬೆಳೆಗಾರನಿಗೆ ನಾಲ್ಕು ಕಾಸು ಬರುವ ದಾರಿ ಅದು; ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಬೆಳಗಿನ ತಿಂಡಿಯಾದ ಮೇಲೆ ಅತಿಥಿಗಳಿಗೆ ಮಾಕುಟ್ಟದ ಕಾಡಿನತ್ತ ಕೈತೋರಿಸಿ "ಈ ದಾರಿ ಹಿಡಿದು ಹೋಗಿ ಬನ್ನಿ" ಎಂದು ಕಳುಹಿಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂಡದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಅತಿಥಿಗಳು ಬರುವುದೇ ಮಳೆ ನೋಡಲು, ನಾವು ಬೇಡವೆಂದರೆ ಪಕ್ಕದ ಮನೆಗೆ ಹೋಗುತ್ತಾರೆ ಎಂದು ಕೆಲವರು ಹೇಳುವುದುಂಟು. ಸರಿ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ ನಾವೇನು ಮಾಡುತ್ತೇವೆ? ಕೊಳೆರೋಗ ಕಣ್ಣೆದುರಿಗೇ ಹಬ್ಬುತ್ತಿದ್ದರೂ ಹೊಳವು ಬಂದು ಮರ ಆರುವವರೆಗೆ ಕಾಯುತ್ತೇವೆ. ಒದ್ದೆ ಮರಕ್ಕೆ ಆಳನ್ನು ಹತ್ತಿಸುವ ಬೆಳೆಗಾರನನ್ನು ಊರು ಒಳ್ಳೆಯವನೆನ್ನುವುದಿಲ್ಲ. ಪಟ್ಟಣದಿಂದ ಬಂದವನ ಜೀವಕ್ಕೆ ಮಾತ್ರ ಬೇರೆ ಲೆಕ್ಕವೇ?

ಮಾಕುಟ್ಟದ ನೆಲ ವಿರಾಜಪೇಟೆಯ ನೆಲದಂತಲ್ಲ. ಪೆರುಂಬಾಡಿ ದಾಟಿದ ಮೇಲೆ ಘಟ್ಟ ಕೇರಳದ ಗಡಿಯತ್ತ ಒಂದೇ ಸಮನೆ ಇಳಿಯುತ್ತದೆ. ಇಲ್ಲಿಯ ತೊರೆಗಳು ಕಾವೇರಿಯ ಕಡೆಗೆ ಹೋಗುವುದಿಲ್ಲ; ಬರಪೊಳೆಯ ಮೂಲಕ ಪಶ್ಚಿಮದ ಕಡಲನ್ನು ಸೇರುತ್ತವೆ. ಕಡಿದಾದ ಇಳಿಜಾರಿನ ತೊರೆಯಾದ್ದರಿಂದ ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಸುರಿದ ಮಳೆ ಸ್ವಲ್ಪ ಹೊತ್ತಿನಲ್ಲೇ ಕಾಲ ಬುಡಕ್ಕೆ ಬರುತ್ತದೆ. ತಿಳಿಯಾಗಿದ್ದ ನೀರು ಕೆಂಪಗಾಗಿ, ತರಗೆಲೆ, ಕಡ್ಡಿಗಳನ್ನು ಹೊತ್ತು ತರತೊಡಗಿದರೆ ದಾಟುವ ಮಾತೇ ಬೇಡ. ದಡದಲ್ಲಿ ಕೂತು ಕಾಯಬೇಕು. ಬಂದಷ್ಟೇ ಬೇಗ ಇಳಿಯುವುದೂ ಇಂಥ ತೊರೆಯ ಗುಣ. ಇದು ನಮಗೆ ಗೊತ್ತು, ಅತಿಥಿಗೆ ಗೊತ್ತಿಲ್ಲ. ಬೆಳಿಗ್ಗೆ ಮೊಣಕಾಲಿನವರೆಗೆ ಇದ್ದ ನೀರು ಸಂಜೆಯೂ ಅಷ್ಟೇ ಇದ್ದೀತೆಂದು ಅವನು ನಂಬಿರುತ್ತಾನೆ.

1834ರಲ್ಲಿ ಕಣ್ಣೂರಿನ ಕಡೆಯಿಂದ ಹೆಗ್ಗಳ ಘಟ್ಟ ಹತ್ತಿಬಂದ ಇಂಗ್ಲಿಷರ ಪಡೆ ಕೂಡ ಬಂದದ್ದು ಏಪ್ರಿಲ್‌ನಲ್ಲಿ, ಕಕ್ಕಡದಲ್ಲಲ್ಲ. 2018ರ ಜೂನ್‌ನಲ್ಲಿ ಮಾಕುಟ್ಟದ ರಸ್ತೆಯಲ್ಲೇ ಅನೇಕ ಕಡೆ ಗುಡ್ಡ ಜರಿದು ಸಂಚಾರ ನಿಂತುಹೋಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆಯನ್ನೇ ಬಲಿ ತೆಗೆದುಕೊಂಡಿತು. ನೀರು ಕುಡಿದು ಭಾರವಾದ ಮಣ್ಣು ಯಾವಾಗ ಜರಿಯುವುದೆಂದು ಕಾಲುದಾರಿಯಲ್ಲಿ ನಿಂತವನಿಗೆ ತಿಳಿಯುವ ಬಗೆಯಿಲ್ಲ.

ಇನ್ನು ಆ ದಾರಿಯದೇ ಒಂದು ಮಾತು. ತೋಟದಲ್ಲಿ ತೊಟ್ಟಿಲು ಗುಂಡಿ ತೆಗೆದು, ಕಪ್ಪು ಬಿಡಿಸಿ ಮಣ್ಣು ಉಳಿಸಿಕೊಳ್ಳಲು ನಾವು ಪಡುವ ಪಾಡು ನಮಗೆ ಗೊತ್ತು. ಒದ್ದೆ ನೆಲವನ್ನು ನೂರು ಜನ ತುಳಿದರೆ ಹುಲ್ಲು, ತರಗೆಲೆ ಕಿತ್ತುಹೋಗಿ ಕಾಲುದಾರಿಯೇ ಚರಂಡಿಯಾಗುತ್ತದೆ. ಕೆಸರು ತಪ್ಪಿಸಲೆಂದು ಬದಿಯಲ್ಲಿ ನಡೆದರೆ ಅದೂ ಇನ್ನೊಂದು ಚರಂಡಿ. ತಿರುವಿನಲ್ಲಿ ಅಡ್ಡದಾರಿ ಹಿಡಿದು ಇಳಿಯುವವರು ಮಾಡುವ ಹಾನಿಯಂತೂ ಹೇಳತೀರದು. ಆ ನೀರೆಲ್ಲ ಕೊನೆಗೆ ಬುಡದಲ್ಲಿರುವವನ ತೋಟಕ್ಕೇ ನುಗ್ಗುತ್ತದೆ.

ಕಾಡಿನ ಬಹುಭಾಗ ಅರಣ್ಯ ಇಲಾಖೆಯದು, ಬ್ರಹ್ಮಗಿರಿ ವನ್ಯಧಾಮ 1974ರಿಂದಲೇ ಇದೆ, ಅನುಮತಿಯಿಲ್ಲದೆ ಒಳಗೆ ಹೋಗುವುದು ಅಪರಾಧ ಎಂಬುದನ್ನು ಸದಸ್ಯರಿಗೆ ಮತ್ತೆ ಹೇಳಬೇಕಾಗಿಲ್ಲ. ಆನೆಯ ವಿಷಯವೂ ಅಷ್ಟೆ. ಮಳೆಯ ಸದ್ದಿನಲ್ಲಿ ಅದು ಬರುವುದು ನಮಗೆ ಕೇಳದು, ನಾವು ಬರುವುದು ಅದಕ್ಕೆ ಕೇಳದು.

ಮಳೆ ಹಿಂದಾದ ಮೇಲೆ, ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲ ಸ್ಥಳೀಯನೊಬ್ಬನನ್ನು ನ್ಯಾಯವಾದ ಕೂಲಿ ಕೊಟ್ಟು ಜೊತೆಗೆ ಕಳುಹಿಸಬಹುದು. ಆಗಲೂ ನೆಲ ಪೂರ್ತಿ ಆರಿರುವುದಿಲ್ಲ. ತೋಟಕ್ಕೆ ಹಿಡಿಸುವ ಗಂಬೂಟು ಪಾಚಿಬಂಡೆಗೆ ಹಿಡಿಸದು. ಹಲ್ಲು ಸವೆಯದ ಬೂಟೇ ಬೇಕು. ಒದ್ದೆ ಬೇರಿನ ಮೇಲೆ ಕಾಲಿಡದೆ ದಾಟಬೇಕು. ಕೈಗೊಂದು ದೊಣ್ಣೆ ಇರಲಿ. ಹತ್ತುವಾಗಿಗಿಂತ ಇಳಿಯುವಾಗ ಜಾರುವುದು ಹೆಚ್ಚು, ಮೋಡ ಕವಿದ ಕಾಡಿನಲ್ಲಿ ಬೇಗ ಕತ್ತಲಾಗುತ್ತದೆ. ಆದ್ದರಿಂದ ಮಧ್ಯಾಹ್ನಕ್ಕೆ ಎಲ್ಲಿದ್ದರೂ ಹಿಂತಿರುಗಬೇಕು. ಇಂಬಳಕ್ಕೆ ಹೆದರಿ ಓಡುವವರೇ ಬೀಳುವುದು! ಅದನ್ನು ಎಳೆದು ಕೀಳದೆ ಉಪ್ಪು ಅಥವಾ ಹೊಗೆಸೊಪ್ಪಿನ ನೀರು ಮುಟ್ಟಿಸಿದರೆ ತಾನೇ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಕಕ್ಕಡದಲ್ಲಿ ಬಂದ ಅತಿಥಿಗೆ ನಮ್ಮ ತೋಟವನ್ನೇ ತೋರಿಸೋಣ. ಕೊಡೆ ಹಿಡಿದು ಒಂದು ಸುತ್ತು, ಬಂದ ಮೇಲೆ ಬಿಸಿ ಕಾಫಿ. ಹದಿನೆಂಟನೆಯ ದಿನವಾದರೆ ಮದ್ದುಸೊಪ್ಪಿನ ಪಾಯಸವೂ ಉಂಟು.

ಮಳೆಯಲ್ಲಿ ನಡೆಯುವುದು ಬೇಡವೆನ್ನುವ ಆಯ್ಕೆಯೇ ಇಲ್ಲದವರೂ ನಮ್ಮ ನಡುವೆ ಇದ್ದಾರೆ: ಲೈನ್‌ಮನೆಗಳಿಂದ ಕೆಲಸಕ್ಕೆ ಬರುವವರು, ತೋಡು ದಾಟಿ ಶಾಲೆಗೆ ಹೋಗುವ ಮಕ್ಕಳು. ಹೋಂಸ್ಟೇಯಿಂದ ಬರುವ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಮುಂದಿನ ಮುಂಗಾರಿಗೆ ಮುನ್ನ ಇಂಥ ಜಾಗಗಳಲ್ಲಿ ಕೈಪಿಡಿಯುಳ್ಳ ಕಾಲುಸಂಕ ಹಾಕಿಸುವ ವಿಷಯವನ್ನು ಸದಸ್ಯರು ಮಹಾಸಭೆಯಲ್ಲಿ ಎತ್ತಬೇಕೆಂದು ಕೋರುತ್ತೇವೆ.