ಹೆಬ್ಬೆರಳಿನ ಗಂಟಿಗೆ ಶಸ್ತ್ರಚಿಕಿತ್ಸೆ ಬೇಕೇ?

ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನತ್ತ ವಾಲಿ, ಅದರ ಬುಡದಲ್ಲಿ ಗಂಟು ಎದ್ದು ಕಾಣುವ ತೊಂದರೆ ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ವೈದ್ಯರು ಇದನ್ನು ಬನಿಯನ್ ಅಥವಾ ಹಾಲಕ್ಸ್ ವಾಲ್ಗಸ್ ಎನ್ನುತ್ತಾರೆ. ತಾಯಿಗಿದ್ದರೆ ಮಗಳಿಗೂ ಬರುವುದುಂಟು. ಮುಂಭಾಗ ಕಿರಿದಾದ, ಹಿಮ್ಮಡಿ ಎತ್ತರದ ಚಪ್ಪಲಿಗಳು ನೋವನ್ನು ಹೆಚ್ಚಿಸುತ್ತವೆ.

ಇದು ಹೊಸದಾಗಿ ಬೆಳೆದ ಎಲುಬಲ್ಲ. ಪಾದದ ಎಲುಬು ಒಂದು ಕಡೆಗೆ, ಬೆರಳು ಇನ್ನೊಂದು ಕಡೆಗೆ ಸರಿಯುವುದರಿಂದ ಕೀಲು ಉಬ್ಬಿ ಕಾಣುತ್ತದೆ. ಆದ್ದರಿಂದ ಗಂಟನ್ನು ಕೆತ್ತಿ ತೆಗೆದರಷ್ಟೇ ಸಾಲದು. ಸಾಮಾನ್ಯವಾಗಿ ಎಲುಬನ್ನು ಕತ್ತರಿಸಿ, ನೇರಗೊಳಿಸಿ, ಸ್ಕ್ರೂ ಹಾಕಿ ನಿಲ್ಲಿಸಬೇಕಾಗುತ್ತದೆ.

ಗಂಟು ಇದೆ, ನೋವಿಲ್ಲ ಎಂದಾದರೆ ಆಪರೇಷನ್ ಬೇಡ. ಪಾದ ಅಂದವಾಗಿ ಕಾಣಲಿ, ಮಗಳ ಮದುವೆಯೊಳಗೆ ಸರಿಯಾಗಲಿ ಎಂಬುದು ಅದಕ್ಕೆ ತಕ್ಕ ಕಾರಣವಲ್ಲ. ಮೊದಲು ಬೆರಳುಗಳಿಗೆ ಜಾಗವಿರುವ ಅಗಲವಾದ ಮೆತ್ತನೆಯ ಚಪ್ಪಲಿ, ಗಂಟಿನ ಮೇಲೆ ಮೆತ್ತೆ, ಊತವಿದ್ದಾಗ ಮಂಜುಗಡ್ಡೆಯ ಶಾಖ ಪ್ರಯತ್ನಿಸಿ. ಇವು ಬೆರಳನ್ನು ನೇರಗೊಳಿಸಲಾರವು, ಆದರೆ ನೋವನ್ನು ತಗ್ಗಿಸಬಲ್ಲವು. ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ ಬಾತು ಮುಟ್ಟಲಾರದಷ್ಟು ನೋವಾದರೆ ಅದು ಗೌಟ್ ಇರಬಹುದು, ಕೀವಿನ ಸೋಂಕೂ ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ.

ಇಷ್ಟಾದರೂ ನಡೆಯಲು, ಅಡುಗೆಮನೆಯಲ್ಲಿ ನಿಲ್ಲಲು, ನಮಾಝ್‌ನಲ್ಲಿ ಬೆರಳು ಮಡಚಿ ಕೂರಲು ಆಗದಿದ್ದರೆ ಶಸ್ತ್ರಚಿಕಿತ್ಸೆಯ ಯೋಚನೆ ಮಾಡಬಹುದು. ಮನೆಯವರೆಲ್ಲರ ಕಾಯಿಲೆಗೆ ಓಡಾಡುವ ಗೃಹಿಣಿ ತನ್ನ ನೋವನ್ನು ವರ್ಷಗಟ್ಟಲೆ ನುಂಗಿಕೊಳ್ಳಬೇಕಾಗಿಲ್ಲ.

ಪಾದದ ಆಪರೇಷನ್‌ಗಳಲ್ಲಿ ಅನುಭವವಿರುವ ಎಲುಬು ತಜ್ಞರನ್ನೇ ಆರಿಸಿ. ನಿಂತ ಭಂಗಿಯಲ್ಲಿ ಎಕ್ಸ್‌ರೇ ತೆಗೆಸದೆ ದಿನ ನಿಗದಿಪಡಿಸಲು ಹೊರಟರೆ ಒಪ್ಪಬೇಡಿ. ಇಂತಹ ಎಷ್ಟು ಆಪರೇಷನ್ ಮಾಡಿದ್ದೀರಿ, ನನಗೆ ಯಾವ ವಿಧಾನ, ಏಕೆ, ಗಂಟು ಮರಳಿ ಬರಬಹುದೇ, ಒಟ್ಟು ಖರ್ಚೆಷ್ಟು ಎಂದು ಸಂಕೋಚವಿಲ್ಲದೆ ಕೇಳಿ. ಸೋಂಕು, ಕೀಲು ಬಿಗಿತ, ಬೆರಳು ಜೋಮು ಹಿಡಿಯುವುದು ಮುಂತಾದ ಅಪಾಯಗಳನ್ನು ತಾವಾಗಿಯೇ ಹೇಳುವ ವೈದ್ಯರು ಹೆಚ್ಚು ನಂಬಿಕೆಗೆ ಅರ್ಹರು. ಸಂದೇಹವಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಇದು ತುರ್ತು ಆಪರೇಷನ್ ಅಲ್ಲ. ಸಕ್ಕರೆ ಕಾಯಿಲೆ ಇರುವವರು ಅದನ್ನು ಹತೋಟಿಗೆ ತಂದು, ಪಾದದ ರಕ್ತಸಂಚಾರ ಪರೀಕ್ಷಿಸಿಕೊಂಡೇ ಮುಂದುವರಿಯಬೇಕು.

ಎಲುಬು ಕೂಡಲು ಸುಮಾರು 6 ವಾರ ಬೇಕು. ಊತ ಪೂರ್ತಿ ಇಳಿಯಲು ಹಲವು ತಿಂಗಳಾಗಬಹುದು. ಆ 6 ವಾರ ಅಡುಗೆ ಯಾರದು, ಮಕ್ಕಳನ್ನು ಶಾಲೆಗೆ ಬಿಡುವವರು ಯಾರು ಎಂಬುದನ್ನು ಪತಿ, ಮಕ್ಕಳೊಂದಿಗೆ ಮೊದಲೇ ಮಾತಾಡಿ. ಹಜ್ಜ್, ಉಮ್ರಾ ಯಾತ್ರೆ ಹತ್ತಿರವಿದ್ದರೆ ಮರಳಿದ ನಂತರವೇ ಮಾಡಿಸಿ. ನಿಲ್ಲಲಾಗದವರಿಗೆ ಕುಳಿತು ನಮಾಝ್ ಮಾಡುವ ಅನುಮತಿಯಿದೆ. ಪಟ್ಟಿ ಕಟ್ಟಿರುವಾಗ ವುಝೂ ಹೇಗೆಂದು ಆಲಿಮರನ್ನು ಮುಂಚಿತವಾಗಿ ಕೇಳಿಟ್ಟುಕೊಳ್ಳಿ.

ಶರೀರವು ಅಲ್ಲಾಹನು ನಮಗೆ ವಹಿಸಿಕೊಟ್ಟ ಅಮಾನತ್ತು. ಅದನ್ನು ಕಡೆಗಣಿಸುವುದೂ ಸರಿಯಲ್ಲ, ಅಗತ್ಯವಿಲ್ಲದೆ ಕತ್ತಿಗೆ ಒಡ್ಡುವುದೂ ಸರಿಯಲ್ಲ.