ತಂಬೂರಿಯ ಶ್ರುತಿಯನ್ನು ಫ್ಯಾನಿನ ಸದ್ದೆಂದು ಅಳಿಸುವ ಮೊದಲು

ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. 1994ರಲ್ಲಿ ರಾಮನಗರದ ಬಳಿ, ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿ, ಜಾನಪದ ಲೋಕ ತಲೆ ಎತ್ತಿತು. ಹಳ್ಳಿಯ ಹಾಡುಗಾರರ ದನಿಯನ್ನು ಟೇಪಿನಲ್ಲಿ ಹಿಡಿದಿಡುವುದೂ ಆ ಕೆಲಸದ ದೊಡ್ಡ ಭಾಗವಾಗಿತ್ತು. ಆಗ ರೆಕಾರ್ಡ್ ಮಾಡುವ ಯಂತ್ರವೇ ಅಪರೂಪ. ಈಗ ಮಾಗಡಿ ಕಡೆಯ ಹಳ್ಳಿಗಳ ಕಾಲೇಜು ಹುಡುಗರ ಬಳಿಯೂ ಲ್ಯಾಪ್‌ಟಾಪ್ ಇದೆ, ಸೋಬಾನೆ ಪದ ಬಲ್ಲ ಅಜ್ಜಿಯಂದಿರು ಇನ್ನೂ ಇದ್ದಾರೆ. ಆದರೂ ಮನೆಯಲ್ಲಿ ಮಾಡಿದ ರೆಕಾರ್ಡಿಂಗ್ ಹೆಚ್ಚಾಗಿ ಒಂದೇ ರೀತಿ ಕೆಡುತ್ತದೆ: ಪದ ಬಾವಿಯೊಳಗಿಂದ ಬಂದಂತೆ ಸಣ್ಣಗೆ, ಅದರ ಮೇಲೆ ‘ಗುಂಯ್’ ಎನ್ನುವ ಸದ್ದು ದಪ್ಪಗೆ. ‘ಪರವಾಗಿಲ್ಲ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಸರಿ ಮಾಡಿಕೊಂಡರಾಯಿತು’ ಎಂದು ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ಈ ಸಮಾಧಾನ ನಮ್ಮ ಹಾಡುಗಳಿಗೆ ಕೇಡು ಮಾಡುತ್ತಿದೆ. ರೆಕಾರ್ಡಿಂಗ್ ಸರಿಯಾಗುವುದು ಗುಂಡಿ ಒತ್ತುವ ಮೊದಲು, ಒತ್ತಿದ ಮೇಲಲ್ಲ.

ದನಿ ಸಣ್ಣಗಾಗಲು ಮೊದಲ ಕಾರಣ ದೂರ. ಬಾಯಿಂದ ಮೈಕಿಗೆ ಇರುವ ಅಂತರ ಎರಡು ಪಟ್ಟಾದರೆ ದನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಗೇಣಿನಲ್ಲಿದ್ದ ಮೈಕು ಎಂಟು ಗೇಣಿನಾಚೆ ಹೋದರೆ 18 ಡೆಸಿಬೆಲ್ ನಷ್ಟ. ಕೋಣೆಯ ಫ್ಯಾನಿನ ಸದ್ದು ಮಾತ್ರ ಮೈಕು ಎಲ್ಲಿದ್ದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಮೇಲೆ ವಾಲ್ಯೂಮ್ ಏರಿಸಿದರೆ ಪದದ ಜೊತೆಗೆ ಫ್ಯಾನೂ ಏರುತ್ತದೆ. ಎರಡರ ನಡುವೆ ಕಳೆದುಹೋದ ಅಂತರ ಮರಳಿ ಬರುವುದಿಲ್ಲ. ಎರಡನೆಯ ಕಾರಣ ಹೊಂದದ ಮೈಕು. ಭಜನೆಗೆ, ಹರಿಕಥೆಗೆ ಬಳಸುವ ಮೈಕ್ ಸೆಟ್ಟಿನ ಡೈನಮಿಕ್ ಮೈಕನ್ನೇ ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸುವುದುಂಟು. ಅದು ಕೊಡುವ ವಿದ್ಯುತ್ ಸಂಕೇತ ಕೆಲವೇ ಮಿಲಿವೋಲ್ಟ್. ಅದನ್ನು ಎತ್ತುವ ಶಕ್ತಿ ಮೈಕ್ ಸೆಟ್ಟಿನ ಆಂಪ್ಲಿಫೈಯರಿಗೆ ಇರುತ್ತದೆ, ಲ್ಯಾಪ್‌ಟಾಪಿನ ಸಣ್ಣ ತೂತಿಗೆ ಇರುವುದಿಲ್ಲ. ಇನ್ನು ಕೆಲವು ಸಲ ಹೊರಗಿನ ಮೈಕು ಸಿಕ್ಕಿಸಿದ್ದರೂ ಕಂಪ್ಯೂಟರ್ ತನ್ನ ಪರದೆಯ ಅಂಚಿನ ಮೈಕಿನಿಂದಲೇ ಕೇಳಿಸಿಕೊಳ್ಳುತ್ತಿರುತ್ತದೆ. ಸೌಂಡ್ ಸೆಟ್ಟಿಂಗ್‌ನಲ್ಲಿ ಯಾವ ಮೈಕು ಆಯ್ಕೆಯಾಗಿದೆ ಎಂದು ನೋಡುವವರೇ ಕಡಿಮೆ.

‘ಗುಂಯ್’ ಸದ್ದಿನ ಮೂಲವೂ ಗುಟ್ಟಿನದೇನಲ್ಲ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ಮಿಡಿಯುತ್ತದೆ. ಆ 50 ಹರ್ಟ್ಸ್, ಅದರ ಬೆನ್ನಿಗೇ 100, 150, ಹೀಗೆ ಸಾಲು ಸಾಲಾಗಿ ಚಾರ್ಜರಿನ ಮೂಲಕ ರೆಕಾರ್ಡಿಂಗಿಗೆ ನುಸುಳುತ್ತವೆ. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹೇಗೋ ಹೊಂದಿಸಿದಾಗ, ಅರ್ಥಿಂಗ್ ಸರಿಯಿಲ್ಲದಾಗ, ಕರೆಂಟು ಹೋಗಿ ಯುಪಿಎಸ್ ಓಡುತ್ತಿರುವಾಗ ಇದು ಹೆಚ್ಚು. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ರೆಕಾರ್ಡ್ ಮಾಡಿದರೆ ಬಹುಪಾಲು ಸಲ ಈ ಸದ್ದು ನಿಂತುಬಿಡುತ್ತದೆ. ಇದಕ್ಕೆ ಖರ್ಚಿಲ್ಲ.

‘ಸಿನಿಮಾದವರು ಆಮೇಲೆ ಸರಿಮಾಡುವುದಿಲ್ಲವೇ?’ ಎಂದು ಕೇಳಬಹುದು. ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯ ಕಾಲದಲ್ಲಿ ನಟರು ಸ್ಟುಡಿಯೊದಲ್ಲಿ ಮತ್ತೆ ಮಾತಾಡಿ ಡಬ್ಬಿಂಗ್ ಮಾಡುವುದೇ ರೂಢಿಯಾಗಿತ್ತು. ಎಂಬತ್ತರ ಅಜ್ಜಿಯ ಪದಕ್ಕೆ ಡಬ್ಬಿಂಗ್ ಇಲ್ಲ. ಉಳಿಯುವುದು ಸಾಫ್ಟ್‌ವೇರ್ ಒಂದೇ, ಅದು ಯಾವುದನ್ನು ಗದ್ದಲ ಎಂದು ತೀರ್ಮಾನಿಸುತ್ತದೆ ಎಂಬುದೇ ಇಲ್ಲಿ ಮುಖ್ಯ. ಉಚಿತವಾಗಿ ಸಿಗುವ ಆಡಾಸಿಟಿಯಂಥ ಸಾಧನಕ್ಕೆ ಮೊದಲು ಬರೀ ಗದ್ದಲದ ಕೆಲವು ಸೆಕೆಂಡುಗಳ ಮಾದರಿ ಕೊಡಬೇಕು. ಆ ಮಾದರಿಯಲ್ಲಿರುವ ಸ್ವರಗಳು ಎಲ್ಲೆಲ್ಲಿವೆಯೋ ಅಲ್ಲೆಲ್ಲ ಅದು ಒತ್ತಿಹಿಡಿಯುತ್ತದೆ. ಪದ ಶುರುವಾಗುವ ಮೊದಲು ತಂಬೂರಿ ಮೀಟುತ್ತಿದ್ದ ಭಾಗವನ್ನೇ ಮಾದರಿಯಾಗಿ ಕೊಟ್ಟರೆ ಶ್ರುತಿಯೇ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ತಾನಾಗಿಯೇ ಕೆಲಸ ಮಾಡುವ ಗದ್ದಲ ನಿವಾರಣೆ ಇನ್ನೂ ಒಂದು ಹೆಜ್ಜೆ ಮುಂದೆ. ಅದನ್ನು ರೂಪಿಸಿರುವುದು ಆನ್‌ಲೈನ್ ಮೀಟಿಂಗಿನ ಮಾತಿಗಾಗಿ. ಮಾತು ನಿಂತು ನಿಂತು ಬರುತ್ತದೆ, ಎಡೆಬಿಡದೆ ಒಂದೇ ಸಮನೆ ಬರುವುದು ಗದ್ದಲ ಎಂಬುದು ಅದರ ಲೆಕ್ಕ. ತತ್ವಪದಕಾರರ ತಂಬೂರಿ ಒಂದೇ ಸಮನೆ ಮಿಡಿಯುತ್ತದೆ, ಹಾಗಾಗಿ ಕಂಪ್ಯೂಟರಿನ ಲೆಕ್ಕದಲ್ಲಿ ಅದೂ ಫ್ಯಾನಿನ ಜಾತಿಗೆ ಸೇರಿಬಿಡುತ್ತದೆ. ಕಂಸಾಳೆಯ ಹೊಡೆತ, ಗಗ್ಗರದ ಝಣತ್ಕಾರ ಅದಕ್ಕೆ ಯಾರೋ ಪಾತ್ರೆ ಬೀಳಿಸಿದ ಶಬ್ದ. ಮುಂದಾಳು ಪದ ಎತ್ತಿದಾಗ ಸೊಲ್ಲು ಹಿಡಿಯುವ ಹಿಂದಿನವರ ದನಿ ಪಕ್ಕದ ಕೋಣೆಯ ಮಾತು. ಕನಕಪುರದ ಮೇಲೆ ಹಾಯ್ದು ಸಂಗಮದಲ್ಲಿ ಕಾವೇರಿ ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆಯುವವರ ಪದವನ್ನು ಹೀಗೆ ಶುದ್ಧ ಮಾಡಿದರೆ ಒಬ್ಬನ ಒಂಟಿ ದನಿ ಉಳಿಯುತ್ತದೆ, ಮೇಳ ಹೋಗುತ್ತದೆ. ಝೂಮ್ ಕಂಪನಿಯೇ ತನ್ನ ಆ್ಯಪ್‌ನಲ್ಲಿ ಸಂಗೀತಗಾರರಿಗೆಂದು ಈ ಸಂಸ್ಕರಣೆಯನ್ನು ಕೈಬಿಡುವ ‘ಒರಿಜಿನಲ್ ಸೌಂಡ್’ ಎಂಬ ಬೇರೆ ಆಯ್ಕೆ ಇಟ್ಟಿದೆ. ಮಾತಿಗಾಗಿ ಮಾಡಿದ್ದು ಹಾಡಿಗೆ ಒಗ್ಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಳ್ಳಿಯ ಮನೆ ಸ್ಟುಡಿಯೊ ಅಲ್ಲ, ಅಲ್ಲಿ ನಿಶ್ಶಬ್ದ ಎಲ್ಲಿಂದ ಬರಬೇಕು ಎಂಬ ಆಕ್ಷೇಪ ನ್ಯಾಯವಾದದ್ದು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಯಂತ್ರಗಳಿವೆ, ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಮೋಟಾರುಗಳಿವೆ. ಆದರೆ ಸದ್ದುಗಳಲ್ಲಿ ಎರಡು ಬಗೆ. ಕೋಳಿಯ ಕೂಗು, ದನದ ಕೊರಳ ಗಂಟೆ, ಬೀಸುವ ಕಲ್ಲಿನ ಸದ್ದು ಊರಿನವು, ಪದದ ಜೊತೆ ಬಾಳಿದವು, ಅವನ್ನು ಉಳಿಸಲೇಬೇಕು. ಚಾರ್ಜರಿನ ಗುಂಯ್‌ಗುಡುವಿಕೆ ನಮ್ಮ ಅಜಾಗರೂಕತೆಯದು. ಮೋಟಾರು ನಿಲ್ಲುವ ಹೊತ್ತನ್ನು ಕಾಯುವುದು, ಫ್ಯಾನ್ ಆರಿಸುವುದು, ಗೋಡೆಗೆ ಒಂದು ಕಂಬಳಿ ಇಳಿಬಿಡುವುದು ಯಾರಿಗೂ ಅಸಾಧ್ಯವಲ್ಲ. ಫೋನೇ ಸಾಕಲ್ಲ ಎನ್ನುವವರಿಗೂ ಇದೇ ಉತ್ತರ: ಫೋನನ್ನೂ ಒಂದು ಗೇಣಿನ ಹತ್ತಿರ ಇಟ್ಟರೆ, ಅದರ ತಾನೇ-ಸರಿಪಡಿಸುವ ಆಯ್ಕೆಗಳನ್ನು ಆಫ್ ಮಾಡಿದರೆ ಸಾಕು.

ಗ್ರಾಮ ಪಂಚಾಯಿತಿಗಳ ಹಲವು ಅರಿವು ಕೇಂದ್ರಗಳಲ್ಲಿ ಈಗ ಕಂಪ್ಯೂಟರ್ ಇದೆ. ಅವುಗಳ ಜೊತೆ ಒಂದು ಯುಎಸ್‌ಬಿ ಮೈಕು, ಒಂದು ಹೆಡ್‌ಫೋನ್ ಇಡಿ ಎಂದು ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ತಾಲ್ಲೂಕುಗಳ ಪಂಚಾಯಿತಿ ಸದಸ್ಯರನ್ನು ಕೇಳಿಕೊಳ್ಳುತ್ತೇನೆ. 24 ಬಿಟ್, 48 ಕಿಲೊಹರ್ಟ್ಸ್‌ನ ವೇವ್ ಕಡತ ಒಂದು ಗಂಟೆಗೆ, ಒಂದೇ ಮೈಕಿನದಾದರೆ, ಸುಮಾರು 520 ಎಂಬಿ ಅಷ್ಟೆ. ಆ ಮೂಲ ಕಡತವನ್ನು ಮುಟ್ಟದೆ ಇಡಿ, ಸಾಫ್ಟ್‌ವೇರಿನ ಕೆಲಸವೇನಿದ್ದರೂ ನಕಲಿನ ಮೇಲೆ ಮಾಡಿ. ಪದ ಏರಿದಾಗಲೂ ರೆಕಾರ್ಡಿಂಗ್ ಮಟ್ಟದ ಮಾಪಕ ಸೊನ್ನೆ ಮುಟ್ಟದೆ -12ರಿಂದ -6 ಡೆಸಿಬೆಲ್‌ನ ನಡುವೆ ನಿಲ್ಲಲಿ. ಶುರುಮಾಡುವ ಮೊದಲು ಅರ್ಧ ನಿಮಿಷ ಬರೀ ಕೋಣೆಯನ್ನು ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಗುಂಯ್ ಎಂದರೆ ಚಾರ್ಜರ್ ಕೀಳಿ. ಆಮೇಲೆ ಅಜ್ಜಿಗೆ ಪದ ಹೇಳಲು ಹೇಳಿ.